ಲಕೋಟೆಯ ಎರಡೂ ಬದಿಗೆ ಒಂದೇ ಹೆಸರು

ಜನವರಿ 4

ನನ್ನದೇ ಹೆಸರನ್ನು ಹೊತ್ತು ತಿರುಗುತ್ತಿರುವ ಮಹಾಶಯರೇ,

ನಮಸ್ಕಾರ. ನಿಮ್ಮ ಹೆಸರು ನನಗೆ ಹೇಗೆ ಗೊತ್ತಾಯಿತೆಂದು ಗಾಬರಿಯಾಗಬೇಡಿ, ಅದು ನನಗೆ ತೊಟ್ಟಿಲಿನಿಂದಲೇ ಗೊತ್ತು. ವಿಳಾಸ ಮಾತ್ರ ಮೊನ್ನೆ ಹಳೆಯದೊಂದು ಮತದಾರರ ಪಟ್ಟಿಯಲ್ಲಿ ಸಿಕ್ಕಿತು.

ನಾನು ಪತ್ರಿಕೆಯೊಂದರಲ್ಲಿ ಮೂವತ್ತೆರಡು ವರ್ಷ ಪ್ರೂಫ್ ರೀಡರ್ ಆಗಿದ್ದವನು. ಅಂದರೆ, ಊರವರೆಲ್ಲರ ತಪ್ಪನ್ನು ಅಚ್ಚಾಗುವ ಮೊದಲು ಹಿಡಿದು, ಅಚ್ಚಾದ ಮೇಲೆ ಉಳಿದ ತಪ್ಪಿಗೆ ಒಬ್ಬನೇ ಬೈಸಿಕೊಂಡವನು. ನಿವೃತ್ತಿಯಾಗಿ ಆರು ವರ್ಷ. ಹೆಂಡತಿ ಇಲ್ಲ, ಸಕ್ಕರೆ ಕಾಯಿಲೆ ಇದೆ. ಒಂದರ ಕೊರತೆ, ಇನ್ನೊಂದರ ಹೆಚ್ಚಳ, ಎರಡನ್ನೂ ಮರೆಯಲು ಒಂದು ಹವ್ಯಾಸ ಇಟ್ಟುಕೊಂಡಿದ್ದೇನೆ: ಚರಿತ್ರೆಯಲ್ಲಿ ನಮ್ಮ ಹೆಸರಿಟ್ಟುಕೊಂಡು ಬದುಕಿ ಹೋದವರನ್ನು ಹುಡುಕಿ, ತಲೆಗೊಂದು ರಟ್ಟಿನ ಚೀಟಿ ಬರೆದು ಬೂಟಿನ ಡಬ್ಬಿಯಲ್ಲಿ ಇಡುವುದು.

ಈ ಹುಚ್ಚು ಹಿಡಿಸಿದವರು ನಮ್ಮ ಕಂಪೋಸಿಂಗ್ ವಿಭಾಗದ ಮಹಾನುಭಾವರು. ಪ್ರತಿ ವರ್ಷ ನನ್ನ ಹುಟ್ಟಿದ ದಿನ, ನನ್ನ ಹೆಸರಿನಲ್ಲಿ ಒಂದು ಸುಳ್ಳು ಪ್ರಕಟಣೆ ಜೋಡಿಸಿ ಆ ದಿನದ ಪ್ರೂಫಿನ ನಡುವೆ ತುರುಕುವುದು ಅವರ ಪದ್ಧತಿ. ನಾನು ಅದನ್ನು ಹಿಡಿದು ಹೊಡೆದುಹಾಕಬೇಕು, ಎಲ್ಲರೂ ಚಹಾ ಕುಡಿಯಬೇಕು. ಹೀಗೆ ನಾನು ಒಂದು ವರ್ಷ ಕುಸ್ತಿ ಗೆದ್ದೆ, ಒಂದು ವರ್ಷ ಅವಳಿ ಹೆತ್ತೆ. ಇಷ್ಟೆಲ್ಲ ಮಾಡಿದ ಹೆಸರನ್ನು ನಿಜವಾಗಿ ಯಾರು ಯಾರು ಏನೇನು ಮಾಡಿದ್ದಾರೆಂದು ನೋಡುವ ಆಸೆ ಹುಟ್ಟಿತು.

ಈವರೆಗೆ ಒಂಬತ್ತು ಜನ. ನಾಲ್ಕುನೂರು ವರ್ಷದ ಹಿಂದೆ ಒಬ್ಬ ಅಂಬಿಗ. ನಡುಹೊಳೆಯಲ್ಲಿ ದೋಣಿ ನಿಲ್ಲಿಸಿ ಪ್ರಯಾಣಿಕರಿಗೆ ತನ್ನ ಪದ್ಯ ಕೇಳಿಸುತ್ತಿದ್ದನಂತೆ, ದೂರು ದಾಖಲಾಗಿದೆ. ಆಮೇಲೆ ಒಬ್ಬ ಸಿಪಾಯಿ. ಇಡೀ ಯುದ್ಧವನ್ನು ಹಿಟ್ಟಿನ ಪೆಟ್ಟಿಗೆಯೊಳಗೆ ಕೂತು ಮುಗಿಸಿದ, ಬೆಳ್ಳಗಾಗಿ ಹೊರಬಂದಾಗ ಶತ್ರುಗಳು ದೆವ್ವವೆಂದು ಓಡಿದರು, ಇವನಿಗೆ ಪದಕ. ಮತ್ತೊಬ್ಬ ನ್ಯಾಯಾಧೀಶ, ಕಟಕಟೆಯಲ್ಲಿ ನಿಂತ ಕಳ್ಳನ ಹೆಸರೂ ಅದೇ. ಗುಮಾಸ್ತ ತೀರ್ಪು ಬರೆದ ರೀತಿಗೆ ಸೆರೆಮನೆಯವರು ನ್ಯಾಯಾಧೀಶರನ್ನೇ ಕರೆದೊಯ್ಯಲು ಬಂದರಂತೆ. ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ. ಆದರೂ ಬೀದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಅಷ್ಟೂ ಜನ ತಿರುಗಿ ನೋಡುತ್ತಾರೆ.

ಸತ್ತವರಿಗೆ ಚೀಟಿ, ಬದುಕಿರುವವರಿಗೆ ಪತ್ರ, ಇದು ನನ್ನ ನಿಯಮ. ನೀವು ಪತ್ರದ ಸಾಲಿನಲ್ಲಿದ್ದೀರಿ, ನೂರು ಕಾಲ ಅಲ್ಲೇ ಇರಿ. ನಮ್ಮ ಹೆಸರನ್ನು ನೀವು ಏನು ಮಾಡಿದ್ದೀರಿ, ತಿಳಿಸಿ.

ಇತಿ, ನೀವೇ ಆಗಬಹುದಾಗಿದ್ದವನು

*

ಜನವರಿ 17

ಯಜಮಾನರೇ,

ನಿಮ್ಮ ಪತ್ರ ತಲುಪಿತು. ತಲುಪಬಾರದಿತ್ತು.

ಲಕೋಟೆಯ ಮುಂದೆ ನನ್ನ ತಮ್ಮನ ಹೆಸರು. ಹಿಂದೆ, ಕಳಿಸಿದವರು ಅಂತ ಇರುವ ಕಡೆ, ಮತ್ತೆ ನನ್ನ ತಮ್ಮನ ಹೆಸರು. ಅದೂ ಅಂಗಡಿ ಬೋರ್ಡಿನಷ್ಟು ದಪ್ಪ ಅಕ್ಷರದಲ್ಲಿ. ನಾನು ಕೆಲಸಕ್ಕೆ ಹೋಗಿದ್ದೆ. ಅಂಚೆಯವನು, "ಏನಮ್ಮಾ, ನಿಮ್ಮನೇಲಿ ತಮಗೆ ತಾವೇ ಕಾಗದ ಬರ್ಕೋತಾರಾ?" ಅಂತ ನಕ್ಕು ಅಮ್ಮನ ಕೈಗೆ ಕೊಟ್ಟು ಹೋಗಿದ್ದಾನೆ.

ತಮ್ಮ ಮನೆ ಬಿಟ್ಟು ಹನ್ನೊಂದು ವರ್ಷ. ಒಂದು ಸಾಲೂ ಬಂದಿಲ್ಲ. ಮತದಾರರ ಪಟ್ಟಿಯವರು ಬಂದಾಗಲೆಲ್ಲ "ಇದ್ದಾನೆ, ಕೆಲಸಕ್ಕೆ ಹೋಗಿದ್ದಾನೆ" ಅಂತ ಬರೆಸಿದವಳು ನಾನೇ, ಅದಕ್ಕೇ ನಿಮಗೆ ಸಿಕ್ಕಿದ. ಅಮ್ಮನಿಗೆ ಎಪ್ಪತ್ತೆಂಟು. ದಪ್ಪ ಅಕ್ಷರ ಬಿಟ್ಟರೆ ಬೇರೆ ಕಾಣುವುದಿಲ್ಲ. ನಾನು ಬಂದು ನೋಡುತ್ತೇನೆ, ಎರಡು ವರ್ಷದಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಮಂಚದ ಮೇಲೆ ಕೂತಿದ್ದಾಳೆ! "ನೋಡೇ, ಬರ್ದಿದಾನೆ. ಓದು" ಅಂದಳು.

ಏನು ಓದಲಿ? ಅಂಬಿಗನ ಕತೆ ಓದಲೇ, ಹಿಟ್ಟಿನ ಪೆಟ್ಟಿಗೆ ಓದಲೇ? "ನಾನು ಚೆನ್ನಾಗಿದೀನಿ, ನೀನು ಹೇಗಿದ್ದೀಯ" ಅಂತ ಓದಿದ ಹಾಗೆ ಮಾಡಿದೆ. "ಎರಡು ಹಾಳೆ ತುಂಬ ಅಷ್ಟೇನಾ?" ಅಂದಳು.

ನಿಮ್ಮ ಹವ್ಯಾಸ ನಿಮ್ಮ ಡಬ್ಬಿಯಲ್ಲಿರಲಿ. ಇನ್ನು ಈ ಮನೆಗೆ ಬರೆಯಬೇಡಿ.

ಅವನ ಅಕ್ಕ

*

ಜನವರಿ 25

ತಂಗೀ,

ಕ್ಷಮೆ ಕೇಳಲು ಮಾತ್ರ ಇದು, ಆಮೇಲೆ ಸುಮ್ಮನಾಗುತ್ತೇನೆ. ಲಕೋಟೆಯ ಹಿಂಬದಿಯನ್ನು ಖಾಲಿ ಬಿಟ್ಟು ಅಂಚೆ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸು, "ಕಳಿಸೋರ ಹೆಸರಿಲ್ಲದೆ ತಗೊಳ್ಳಲ್ಲ" ಅಂದಳು. "ಹೆಸರೇ ತೊಂದರೆಯಮ್ಮಾ" ಅಂದೆ. "ಹಾಗಾದ್ರೆ ಬೇರೆ ಹೆಸರಿಟ್ಕೊಳ್ಳಿ" ಅಂದಳು. ಅರವತ್ತನಾಲ್ಕನೆಯ ವಯಸ್ಸಿಗೆ ಅದಾಗದು ಎಂದು ಅಲ್ಲೇ ಬರೆದುಕೊಟ್ಟೆ. ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ಅಮ್ಮನವರ ಕಣ್ಣು ತಪ್ಪಿಸಿ ಒಲೆಗೆ ಹಾಕಿ.

ಪ್ರೂಫ್ ರೀಡರ್

*

ಫೆಬ್ರವರಿ 9

ಪ್ರೂಫ್ ರೀಡರ್ ಸಾಹೇಬರೇ,

ನನ್ನನ್ನು ತಂಗಿ ಅನ್ನಬೇಡಿ. ಇದ್ದ ಒಬ್ಬ ತಮ್ಮನನ್ನೇ ಇಟ್ಟುಕೊಳ್ಳಲಾಗಲಿಲ್ಲ, ಇನ್ನು ಅಣ್ಣನನ್ನು ಎಲ್ಲಿ ಕೂರಿಸಲಿ?

ಸಣ್ಣ ಅಕ್ಷರಕ್ಕೆ ಅಮ್ಮ ಮೋಸ ಹೋಗಲಿಲ್ಲ. ಪಕ್ಕದ ಮನೆಯ ದರ್ಜಿಯ ಭೂತಗನ್ನಡಿ ತರಿಸಿ ಹೆಸರು ಓದಿಕೊಂಡಳು. ಆಮೇಲೆ ಗಂಜಿ ಕೇಳಿದಳು, ಅದಕ್ಕೆ ಉಪ್ಪು ಕಮ್ಮಿ ಅಂದಳು. ಎರಡು ವರ್ಷದಲ್ಲಿ ಅವಳು ನನ್ನ ಅಡಿಗೆಗೆ ಹೆಸರಿಟ್ಟಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ಅತ್ತು ಬಂದೆ. ನಗಬೇಡಿ.

ಡಾಕ್ಟರು, "ಏನು ಔಷಧಿ ಕೊಟ್ರಿ?" ಅಂತ ಕೇಳಿದರು. ಅಂಚೆ ಅಂತ ಹೇಳಲೇ?

ಹಾಗಾಗಿ ಈಗ ನೀವು ಬರೆಯಲೇಬೇಕು. ಹದಿನೈದು ದಿನಕ್ಕೊಂದು. ಹೆಸರು ನಿಮ್ಮದೇ, ರುಜು ನಿಮ್ಮದೇ, ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಆದರೆ ಒಳ್ಳೆಯವನ ಹಾಗೆ ಬರೆಯಬೇಡಿ, ಅಮ್ಮನಿಗೆ ಅನುಮಾನ ಬರುತ್ತದೆ. ಅವನು ಸೋಮಾರಿ, ಮಾತಿಗೊಂದು ತಮಾಷೆ. ನನ್ನನ್ನು ಹೆಡ್ಮೇಷ್ಟ್ರು ಅನ್ನುತ್ತಿದ್ದ. ಬೆಸುಗೆ ಕೆಲಸ ಕಲಿತಿದ್ದ, ಒಂದು ಕಡೆ ನಿಂತವನಲ್ಲ. ದೂರದ ಹಡಗುಕಟ್ಟೆಯಲ್ಲಿದ್ದಾನೆ ಅಂತ ನಾನು ಆಗಲೇ ಓದಿಬಿಟ್ಟಿದ್ದೇನೆ, ಅದನ್ನು ನಿಭಾಯಿಸಿ.

ಅವನ ಅಕ್ಕ

*

ಫೆಬ್ರವರಿ 16

ಹೆಡ್ಮೇಷ್ಟ್ರಿಗೆ,

ಅಪ್ಪಣೆ. ಸೋಮಾರಿಯಂತೆ ಬರೆಯುವುದು ಬಹಳ ಶ್ರಮದ ಕೆಲಸ, ಮೂರು ಕರಡು ಹರಿದೆ. ಅಮ್ಮನವರಿಗೆ ಓದಬೇಕಾದ್ದು ಇಲ್ಲಿಂದ:

"ಅಮ್ಮಾ, ಇಲ್ಲಿ ಒಂದು ಹಡಗಿಗೆ ತೇಪೆ ಹಾಕುತ್ತಿದ್ದೇವೆ. ಹಡಗಿಗಿಂತ ತೇಪೆ ದೊಡ್ಡದಾಗಿದೆ. ಮೇಸ್ತ್ರಿಗೆ ನನ್ನ ಮೇಲೆ ಬಹಳ ಪ್ರೀತಿ, ಹೆಸರು ಹಿಡಿದೇ ಬೈಯುತ್ತಾನೆ. ಊಟ ಮಾಡುತ್ತಿದ್ದೇನೆ. ನೀನು ಗೋಡೆ ನೋಡಿಕೊಂಡು ಮಲಗುತ್ತೀಯಂತೆ. ಅದರಲ್ಲೇನಿದೆ? ಈ ಕಡೆ ತಿರುಗಿದರೆ ಹೆಡ್ಮೇಷ್ಟ್ರ ಮುಖವಾದರೂ ಕಾಣುತ್ತದೆ, ಅದೂ ಒಂದು ಗೋಡೆಯೇ."

ಇಲ್ಲಿಗೆ ನಿಲ್ಲಿಸಿ. ಕೊನೆಯ ಸಾಲಿಗೆ ನೀವು ನನ್ನನ್ನು ಬೈಯಬಹುದು.

ಇನ್ನೊಂದು ಮಾತು. ನಕಲಿಯವನು ಎಷ್ಟು ದಿನ? ಅಸಲಿಯವನನ್ನೇ ಹುಡುಕಿ ಕೊಡುತ್ತೇನೆ. ನಾಲ್ಕುನೂರು ವರ್ಷದ ಹಿಂದಿನ ಅಂಬಿಗನೇ ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ, ಹನ್ನೊಂದು ವರ್ಷ ಯಾವ ಲೆಕ್ಕ! ನನ್ನ ಹಳೆಯ ಕಚೇರಿಯಲ್ಲಿ ಪತ್ರಿಕೆಯ ಕಟ್ಟುಗಳೆಲ್ಲ ಇವೆ. ಅವನ ವಯಸ್ಸು, ಗುರುತು ಬರೆದು ಕಳಿಸಿ. ಸಿಕ್ಕಿದ ದಿನ ಅವನ ಕಿವಿ ಹಿಡಿದು ನಿಮ್ಮ ಬಾಗಿಲಿಗೆ ತರುತ್ತೇನೆ.

ನಕಲಿ ತಮ್ಮ

*

ಮಾರ್ಚ್ 3

ನಕಲಿಯವರಿಗೆ,

ಗೋಡೆ ಅಂತ ಓದುವಾಗ ಸಿಟ್ಟು ಬಂತು. ಅಮ್ಮ ಕೆಮ್ಮು ಬರುವಷ್ಟು ನಕ್ಕಳು. "ಅವನೇ, ಅವನೇ" ಅಂದಳು. ಹಾಗಾಗಿ ಕ್ಷಮಿಸಿದ್ದೇನೆ.

ನಿಮ್ಮ ಪತ್ರ ಬರುವ ದಿನ ನಾನು ಕೆಲಸದಿಂದ ಬೇಗ ಬರುತ್ತೇನೆ. ದೊಡ್ಡ ಲಾಂಡ್ರಿ ನಮ್ಮದು, ಹೋಟೆಲುಗಳ ಹಾಸುಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕಡೆ ನಾನು ಮೇಲ್ವಿಚಾರಕಿ. ಇಪ್ಪತ್ತಾರು ವರ್ಷದಲ್ಲಿ ಬೇಗ ಹೊರಟಿದ್ದು ಇದೇ ಮೊದಲು. "ಯಾರಮ್ಮಾ ಅದು, ಈ ವಯಸ್ಸಲ್ಲಿ?" ಅಂತ ಹುಡುಗಿಯರು ಕಿಚಾಯಿಸುತ್ತಾರೆ. "ನನ್ನ ತಮ್ಮ ಕಣ್ರೇ" ಅಂತೇನೆ. ಹೇಳುವಾಗ ಬಾಯಿಗೆ ಹಿತವಾಗಿರುತ್ತದೆ.

ಅವನ ವಯಸ್ಸು ಈಗ ನಲವತ್ತಾರು. ಹೋದಾಗ ಮೂವತ್ತೈದು. ಸಣಕಲು, ನನ್ನಷ್ಟೇ ಎತ್ತರ. ಎಡಗೈ ಕಿರುಬೆರಳಿನ ತುದಿ ಇಲ್ಲ, ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿತ್ತು. ಬಲ ಹುಬ್ಬಿನ ಮೇಲೆ ಬೆಸುಗೆ ಕಿಡಿ ಸುಟ್ಟ ಕಲೆ. ಯಾಕೆ ಹೋದ ಅಂದರೆ, ಏನೋ ಮಾತಿಗೆ ಮಾತು ಬಂತು, ಹೋದ. ಅದು ಗುರುತಿಗೆ ಬೇಕಾಗಿಲ್ಲ ಅಲ್ಲವೇ?

ಸಿಕ್ಕರೆ ಅವನಿಗೆ ಮೊದಲು ಊಟ ಹಾಕಿಸಿ. ಆಮೇಲೆ ಕಿವಿ.

ಹೆಡ್ಮೇಷ್ಟ್ರು

*

ಮೇ 20

ಅಮ್ಮಾವರೇ,

ಅಮ್ಮನವರಿಗೆ ಐದು ಪತ್ರ ಬರೆದೆ, ನಿಮಗೆ ಒಂದೂ ಇಲ್ಲ. ಆರೋಗ್ಯ ಸರಿಯಿರಲಿಲ್ಲ. ಹುಡುಕಿದೆ, ಎಲ್ಲೂ ಸುಳಿವಿಲ್ಲ. ಹೆಸರೊಂದನ್ನೇ ಹಿಡಿದು ಮನುಷ್ಯನನ್ನು ಹುಡುಕುವುದು ಮೂರ್ಖತನವೆಂದು ತಡವಾಗಿ ತಿಳಿಯಿತು. ಇನ್ನು ಹುಡುಕುವುದಿಲ್ಲ. ನೀವೂ ಆ ಆಸೆ ಇಟ್ಟುಕೊಳ್ಳಬೇಡಿ.

ಅಮ್ಮನವರ ಪತ್ರ ಜೊತೆಗಿದೆ. ಅದು ನಿಲ್ಲುವುದಿಲ್ಲ.

ನಿಮ್ಮ ವಿಶ್ವಾಸಿ

*

ಮೇ 29

ಸಾಹೇಬರೇ,

ನಾನು ದಿನಕ್ಕೆ ಸಾವಿರದ ಇನ್ನೂರು ಹಾಸುಗೆ ಬಟ್ಟೆ ನೋಡುವವಳು. ಕಲೆ ಇರುವುದನ್ನು ಹುಡುಗಿಯರು ಒಳಗೆ ಬರುವ ಹಾಗೆ ಮಡಿಸಿಟ್ಟರೆ, ಬಿಚ್ಚದೆಯೇ ನನಗೆ ಗೊತ್ತಾಗುತ್ತದೆ, ಮಡಿಕೆ ಅತಿಯಾಗಿ ನೀಟಾಗಿರುತ್ತದೆ. ನಿಮ್ಮ ಪತ್ರವೂ ಹಾಗೇ ಇತ್ತು. ಒಂದು ತಮಾಷೆಯಿಲ್ಲ. ಹೆಡ್ಮೇಷ್ಟ್ರು ಹೋಗಿ ಅಮ್ಮಾವರು ಬಂದರು.

ಅವನು ನಿಮಗೆ ಸಿಕ್ಕಿದ್ದಾನೆ.

ಸಿಕ್ಕಿದ್ದಾನೆ, "ಅವಳಿಗೆ ಹೇಳಬೇಡಿ" ಅಂದಿದ್ದಾನೆ. ಅಮ್ಮನಿಗೆ ಬರುತ್ತಿರುವುದು ಈಗ ಅವನೇ ಹೇಳಿ ಬರೆಸಿದ್ದು, ಅಲ್ಲವೇ? ಮೊನ್ನೆಯದರಲ್ಲಿ ಅಮ್ಮ ನೀರಿನ ಹೂಜಿಗೆ ಬಟ್ಟೆ ಸುತ್ತುವ ಮಾತು ಬಂದಿದೆ. ಅದನ್ನು ನಾನು ನಿಮಗೆ ಎಂದೂ ಬರೆದಿಲ್ಲ.

ನಾನು ಮುಚ್ಚಿಟ್ಟಿದ್ದನ್ನೂ ಹೇಳಿಬಿಡುತ್ತೇನೆ. ಬಾಗಿಲು ಹಾಕಿದವಳು ನಾನೇ. ನನಗೆ ಒಂಬತ್ತು, ಅವನಿಗೆ ಆರು, ಬಳಪದ ಜಗಳ. ಆಮೇಲೆ ಅವನು ಆ ಬೆರಳು ಆಡಿಸಿ ತೋರಿಸಿಯೇ ನನ್ನಿಂದ ಎಲ್ಲ ಕೆಲಸ ಮಾಡಿಸಿಕೊಂಡ. ಹನ್ನೊಂದು ವರ್ಷದ ಹಿಂದೆ ಇನ್ನೊಂದು ಕೆಲಸ ಬಿಟ್ಟು ಬಂದು, ನಗುತ್ತ ಆ ಬೆರಳು ಆಡಿಸಿದ. ನನಗೆ ತಲೆ ಕೆಟ್ಟಿತು. "ಅಮ್ಮನಿಗೆ ನಾನೊಬ್ಳೇ ಹುಟ್ಟಿದ್ದು ಅಂದ್ಕೋತೀನಿ, ನಡೀ" ಅಂದೆ. ಅಮ್ಮನ ಎದುರಿಗೇ ಅಂದೆ. "ಆಯ್ತು ಹೆಡ್ಮೇಷ್ಟ್ರೇ" ಅಂತ ಚಪ್ಪಲಿ ಮೆಟ್ಟಿದ. ಸಂಜೆಗೆ ಬರುತ್ತಾನೆ ಅಂತ ಅವನ ಪಾಲಿನ ಅನ್ನ ಮುಚ್ಚಿಟ್ಟಿದ್ದೆ.

ಅವನಿಗೆ ಹೇಳಿ, ತಪ್ಪು ನನ್ನದು. ನನ್ನ ಮುಖ ನೋಡುವುದು ಬೇಡವಾದರೆ ಬೆಳಗ್ಗೆ ಎಂಟರಿಂದ ಐದರವರೆಗೆ ನಾನು ಮನೆಯಲ್ಲಿರುವುದಿಲ್ಲ. ಬೀಗದ ಕೈ ದರ್ಜಿಯ ಹತ್ತಿರ ಇರುತ್ತದೆ. ಬಂದು ಅಮ್ಮನ ಜೊತೆ ಕೂತು ಹೋಗಲಿ. ಲೋಟ ಎರಡಿದ್ದರೂ ನಾನು ಏನೂ ಕೇಳುವುದಿಲ್ಲ.

ಅಕ್ಕ

*

ಜೂನ್ 7

ತಂಗೀ,

ಬೇಡವೆಂದಿದ್ದಿರಿ, ಇದೊಂದು ಸಲ ಹಾಗೆನ್ನುತ್ತೇನೆ. ಹೂಜಿಯ ಬಟ್ಟೆ ನನ್ನ ತಾಯಿಯದು. ಬರೆಯುವಾಗ ಬೇರೆ ಯಾವ ತಾಯಿಯೂ ನೆನಪಾಗಲಿಲ್ಲ.

ಅವನು ಎಲ್ಲೂ ಸಿಟ್ಟು ಮಾಡಿಕೊಂಡು ಕೂತಿಲ್ಲ. ಅವನಿಲ್ಲ. ಹೋಗಿ ಹತ್ತು ವರ್ಷವಾಯಿತು.

ನಿಮ್ಮ ಮಾರ್ಚ್ ತಿಂಗಳ ಪತ್ರ ಓದಿದ ದಿನವೇ ನನಗೆ ಗೊತ್ತಾಯಿತು. ಹುಡುಕಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಅವನು ನನ್ನ ಡಬ್ಬಿಯಲ್ಲೇ ಇದ್ದ. ಕಂಪೋಸಿಂಗಿನವರ ಹುಟ್ಟುಹಬ್ಬದ ತಮಾಷೆಗಳನ್ನೆಲ್ಲ ಕತ್ತರಿಸಿ ಅದೇ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ. ಅದರಲ್ಲಿ ಹತ್ತು ವರ್ಷದ ಹಿಂದಿನದು: "ಸುಮಾರು ಮೂವತ್ತೈದು ವರ್ಷದ ಗಂಡಸು, ನಗರಸಭೆ ಆಸ್ಪತ್ರೆಯಲ್ಲಿ ಮೃತ. ಹೆಸರು..." ಅದು ನಮ್ಮ ಹೆಸರು. "ಎಡಗೈ ಕಿರುಬೆರಳಿನ ತುದಿ ಇಲ್ಲ. ವಾರಸುದಾರರು ಏಳು ದಿನದೊಳಗೆ ಸಂಪರ್ಕಿಸತಕ್ಕದ್ದು."

ನನ್ನ ಹೆಸರು, ನನ್ನ ಹುಟ್ಟಿದ ದಿನ. ಈ ಸಲ ಕೊಂದೇಬಿಟ್ಟರಲ್ಲ ಎಂದು ನಕ್ಕೆ. ಬೆರಳಿನ ವಿವರ ಚೆನ್ನಾಗಿದೆ ಎನ್ನಿಸಿತು. ಕೆಂಪು ಗೆರೆ ಎಳೆದು ಹೊಡೆದುಹಾಕಿದೆ. ಪಕ್ಕದಲ್ಲಿ "ಇದಕ್ಕೆ ಚಹಾ ಇಲ್ಲ" ಎಂದು ಬರೆದಿದ್ದೇನೆ, ನನ್ನದೇ ಕೈಬರಹ.

ಅದೇ ಮಧ್ಯಾಹ್ನ ಇನ್ನೊಂದು ಬಂತು: ನನ್ನ ಹೆಸರಿನ ಕತ್ತೆಯೊಂದು ಕಳೆದುಹೋಗಿದೆಯೆಂದು. ಎಲ್ಲರೂ ನಕ್ಕರು, ಚಹಾ ಕುಡಿದೆವು. ವರ್ಷಕ್ಕೊಂದೇ ತಮಾಷೆ ಮಾಡುವವರು ಆ ವರ್ಷ ಎರಡು ಯಾಕೆ ಮಾಡಿದರೆಂದು ನಾನು ಕೇಳಲಿಲ್ಲ. ಮೂವತ್ತೆರಡು ವರ್ಷ ನನ್ನ ಕೆಲಸ ಕೇಳುವುದೇ ಆಗಿತ್ತು. ಅಂದು ಕೇಳಲಿಲ್ಲ.

ನಗರಸಭೆಯ ಪ್ರಕಟಣೆ ಅಚ್ಚಾಗಲಿಲ್ಲ. ಏಳು ದಿನ ಕಾದು ನಗರಸಭೆಯವರು ಮಣ್ಣು ಮಾಡಿದರು. ಏಪ್ರಿಲ್‌ನಲ್ಲಿ ಆಸ್ಪತ್ರೆಯ ದಾಖಲೆ ನೋಡಿ ಬಂದೆ. ಜ್ವರ ನೆತ್ತಿಗೇರಿತ್ತು, ನಾಲ್ಕು ದಿನ ಇದ್ದ. ವಿಳಾಸದ ಜಾಗ ಖಾಲಿ ಇದೆ. ಆಸ್ಪತ್ರೆಯವರು ಕೇಳಲಿಲ್ಲವೋ ಅವನು ಹೇಳಲಿಲ್ಲವೋ, ಅಲ್ಲಿ ಬರೆದಿಲ್ಲ. ಮಣ್ಣು ಮಾಡಿದ ಜಾಗದ ನಂಬರು ಬೇರೆ ಚೀಟಿಯಲ್ಲಿದೆ, ಬೇಕೆನಿಸಿದ ದಿನ ಬಿಚ್ಚಿ.

ಮೇ ತಿಂಗಳಲ್ಲಿ ನಿಮಗೆ ಸುಳ್ಳು ಬರೆದದ್ದು ನಿಮ್ಮನ್ನು ಉಳಿಸಲೆಂದು ನನಗೆ ನಾನೇ ಹೇಳಿಕೊಂಡೆ. ಅಲ್ಲ. ನನ್ನನ್ನು ನಕಲಿ ತಮ್ಮ ಎನ್ನುವವರು ಬೇರೆ ಯಾರೂ ಇಲ್ಲ.

*

ಜುಲೈ 30

ನಿಮ್ಮನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಬಿಟ್ಟಿದ್ದೇನೆ.

ಆ ಪತ್ರಿಕೆ ನಮ್ಮ ಲಾಂಡ್ರಿಗೆ ಬರುತ್ತದೆ. ಅವನು ಹೋದ ಮೇಲೆ ಎರಡು ವರ್ಷ, ಊಟದ ಬಿಡುವಿನಲ್ಲಿ, ವಾರಸುದಾರರಿಲ್ಲದವರ ಅಂಕಣವನ್ನು ದಿನವೂ ಓದಿದ್ದೇನೆ. ಜ್ವರ ಬಂದ ದಿನ ಹುಡುಗಿಯರ ಕೈಲಿ ಮನೆಗೆ ತರಿಸಿಕೊಂಡು ಓದಿದ್ದೇನೆ. ಓದಿ ಮಡಿಸಿ, ಇವತ್ತೂ ಇಲ್ಲ, ಅಂದರೆ ಎಲ್ಲೋ ಇದ್ದಾನೆ ಅಂದುಕೊಳ್ಳುತ್ತಿದ್ದೆ. ನೀವು ಹೊಡೆದುಹಾಕಿದ ದಿನವೂ ಓದಿ ಹಾಗೇ ಅಂದುಕೊಂಡಿದ್ದೆ.

ವಿಳಾಸ ಅವನೇ ಹೇಳಲಿಲ್ಲ. ಅವನು ನನ್ನ ಮಾತು ಪಾಲಿಸಿದ್ದು ಅದೊಂದೇ.

ಅಮ್ಮನಿಗೆ ಹೇಳಿಲ್ಲ. ಹೇಳಬೇಕು ಅಂತ ಮೂರು ಸಲ ಮಂಚದ ಹತ್ತಿರ ಹೋದೆ. "ಕಾಗದ ಬಂತಾ?" ಅಂತ ಕೇಳಿದಳು. ನಿಮ್ಮ ಕಾಗದ ನಿಂತು ಏಳು ವಾರ ಆಯಿತು, ಮತ್ತೆ ಗೋಡೆ ಕಡೆ ತಿರುಗಿದ್ದಾಳೆ. ಹೃದಯ ಗಟ್ಟಿಯಾಗಿದೆ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಅಂತ ಡಾಕ್ಟರು ಸಂತೋಷದಿಂದ ಹೇಳಿ ಹೋದರು.

ಆ ಹತ್ತು ವರ್ಷವೂ ನೀವು ಬರೆಯಬೇಕು. ಹದಿನೈದು ದಿನಕ್ಕೊಂದು, ತಮಾಷೆಯಾಗಿ. ನಾನು ಓದುತ್ತೇನೆ. ನನಗೆ ಅಂತ ಒಂದು ಸಾಲೂ ಬೇಡ.

ಅಮ್ಮ ಒಂದು ಪ್ರಶ್ನೆ ಬರೆಸಿದ್ದಾಳೆ, ಅವಳ ಮಾತಿನಲ್ಲೇ ಇದೆ: "ಅಕ್ಕನ ಮೇಲಿನ ಸಿಟ್ಟು ಇಳೀತೇನೋ? ಇಳಿದಿದ್ರೆ ಬರಿ. ಅವಳೇ ಓದ್ಲಿ, ನಾನು ಕೇಳ್ತೀನಿ."

ಇಳಿದಿದೆ ಅಂತ ನೀವು ಬರೆಯಕೂಡದು. ಆ ಮಾತು ಹೇಳುವುದಕ್ಕೆ ಹೆಸರು ಒಂದೇ ಆದರೆ ಸಾಲದು. ಇಳಿದಿಲ್ಲ ಅಂತಲೂ ಬರೆಯಬೇಡಿ, ಅಮ್ಮ ಕೇಳಿಸಿಕೊಳ್ಳುತ್ತಾಳೆ.

*

ಆಗಸ್ಟ್ 6

ಅಮ್ಮಾ,

ಕಾಗದ ತಡವಾಯಿತು ಅಂತ ಬೈಯಬೇಡ. ಇಲ್ಲಿ ಶಾಯಿ ಕುಡಿಯುವ ಹಡಗೊಂದು ಬಂದಿತ್ತು, ನನ್ನ ಪೆನ್ನನ್ನೂ ಬಿಡಲಿಲ್ಲ. ನಂಬುವುದಿಲ್ಲ ಅಲ್ಲವೇ? ಮೇಸ್ತ್ರಿಯೂ ನಂಬಲಿಲ್ಲ. ಎರಡು ಹೊತ್ತು ಉಣ್ಣುತ್ತೇನೆ, ಮೂರು ಹೊತ್ತು ಮಲಗುತ್ತೇನೆ, ಉಳಿದ ಹೊತ್ತಿನಲ್ಲಿ ಸುಸ್ತು ಆರಿಸಿಕೊಳ್ಳುತ್ತೇನೆ. ನೀನು ಗಂಜಿ ಬಿಡಬೇಡ. ಉಪ್ಪು ಕಮ್ಮಿ ಇದ್ದರೆ ಜೋರಾಗಿ ಹೇಳು, ಹೆದರಬೇಡ.

ಅಕ್ಕನ ವಿಷಯ ಕೇಳಿದ್ದೀಯ. ಅದು ಕಾಗದದಲ್ಲಿ ಬರೆಯುವ ಮಾತಲ್ಲಮ್ಮಾ, ಬಂದು ಅವಳ ಎದುರಿಗೇ ಹೇಳುತ್ತೇನೆ. ರಜೆಗೆ ಬರೆದುಕೊಟ್ಟಿದ್ದೇನೆ. ಈ ತಿಂಗಳು ಆಗುವುದಿಲ್ಲ ಅಂದರು. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ.